ಉದ್ಯೋಗ ವೀಸಾದಿಂದ ಸಂಗಾತಿ ವೀಸಾಕ್ಕೆ: ವರ್ತಕ ಕುಟುಂಬಗಳು ತಿಳಿದಿರಬೇಕಾದ ಲೆಕ್ಕಾಚಾರ

ಹೊಗೆಸೊಪ್ಪಿನ ಹರಾಜು, ಶುಂಠಿಯ ಧಾರಣೆ, ಭತ್ತದ ಆವಕ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರ ಮಾತುಕತೆ ಬಹುಕಾಲ ಇವುಗಳ ಸುತ್ತಲೇ ನಡೆಯುತ್ತಿತ್ತು. ಈಗ ಅದೇ ಅಂಗಡಿಗಳಲ್ಲಿ, ಅದೇ ಗಿರಣಿಗಳ ಕಚೇರಿಯಲ್ಲಿ ಮತ್ತೊಂದು ವಿಷಯವೂ ಸೇರಿಕೊಂಡಿದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಎಂಜಿನಿಯರಿಂಗ್, ನರ್ಸಿಂಗ್ ಅಥವಾ ವಾಣಿಜ್ಯ ಪದವಿ ಮುಗಿಸಿದ ಮಕ್ಕಳು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಿಗೆ ಉದ್ಯೋಗ ವೀಸಾ ಪಡೆದು ಹೋಗುತ್ತಾರೆ. ಕೆಲವು ವರ್ಷಗಳ ನಂತರ ಅಲ್ಲಿಯ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಉಳ್ಳವರೊಡನೆ ವಿವಾಹ ನಿಶ್ಚಯವಾಗುತ್ತದೆ. ಆಗ ಉದ್ಯೋಗ ವೀಸಾವನ್ನು ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಳ್ಳುವ ಪ್ರಶ್ನೆ ಏಳುತ್ತದೆ. ಇದನ್ನು ಹಲವು ಪೋಷಕರು ಮಕ್ಕಳ ಖಾಸಗಿ ವಿಷಯವೆಂದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಊರಿನ ಬ್ಯಾಂಕ್ ಖಾತೆ, ಪಾಲುದಾರಿಕೆ ಪತ್ರ, ಪಹಣಿ ಹಾಗೂ ಆದಾಯ ತೆರಿಗೆ ವಿವರಣ ಪಟ್ಟಿಗಳೆಲ್ಲವೂ ಇದರೊಡನೆ ಹೆಣೆದುಕೊಂಡಿವೆ.

ಉದ್ಯೋಗ ವೀಸಾದಲ್ಲಿ ವಾಸದ ಹಕ್ಕು ಪ್ರಾಯೋಜಕ ಸಂಸ್ಥೆಯನ್ನು ಅವಲಂಬಿಸಿರುತ್ತದೆ. ಕೆಲಸ ಹೋದರೆ ಹಕ್ಕೂ ಹೋಗುತ್ತದೆ. ಅಮೆರಿಕದ ಎಚ್-1ಬಿ ವೀಸಾದಾರನಿಗೆ 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಗರಿಷ್ಠ 60 ದಿನಗಳ ಅವಕಾಶವುಂಟು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿಯೂ ಸಾಮಾನ್ಯವಾಗಿ 60 ದಿನವೇ. ಆಸ್ಟ್ರೇಲಿಯದಲ್ಲಿ 482ನೆಯ ವರ್ಗದ ವೀಸಾದಾರರಿಗೆ 2024ರ ಜುಲೈ 1ರಿಂದ ಈ ಅವಧಿಯನ್ನು ಒಮ್ಮೆಗೆ 180 ದಿನಗಳಿಗೆ ಏರಿಸಲಾಗಿದೆ. ಸಂಗಾತಿ ವೀಸಾದಲ್ಲಿ ಮಾಲೀಕನ ಹಿಡಿತ ತಪ್ಪುತ್ತದೆ. ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತ ವ್ಯಾಪಾರವನ್ನೂ ತೆರೆಯಬಹುದು. ಆದರೆ ವಾಸದ ಹಕ್ಕು ಈಗ ದಾಂಪತ್ಯವನ್ನು ಅವಲಂಬಿಸುತ್ತದೆ. ಅವಲಂಬನೆ ಸ್ಥಳಾಂತರವಾಯಿತೇ ಹೊರತು ಇಲ್ಲವಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲೊಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಪತಿ ಪತ್ನಿ ಇಬ್ಬರೂ ಭಾರತೀಯರಾಗಿದ್ದು, ಒಬ್ಬರು ಉದ್ಯೋಗ ವೀಸಾದಲ್ಲಿಯೂ ಮತ್ತೊಬ್ಬರು ಅವರನ್ನು ಆಶ್ರಯಿಸಿಯೂ ಇದ್ದರೆ ಅದು ಅವಲಂಬಿತ ವೀಸಾ. ಸಂಗಾತಿ ವೀಸಾ ಅಲ್ಲ. ಮೊದಲನೆಯವರ ಕೆಲಸ ಹೋದರೆ ಇಬ್ಬರ ಹಕ್ಕೂ ಒಟ್ಟಿಗೇ ಹೋಗುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ಇಂತಹ ಅವಲಂಬಿತರು ದುಡಿಯಬಹುದು. ಅಮೆರಿಕದ ಎಚ್-4 ವೀಸಾದಲ್ಲಿ ದುಡಿಯುವ ಅನುಮತಿ ಎಲ್ಲರಿಗೂ ಇಲ್ಲ. 2015ರ ಮೇ 26ರಿಂದ ಕೆಲವು ವರ್ಗದವರಿಗೆ ಮಾತ್ರ ಅದು ದೊರೆಯುತ್ತಿದೆ. ಸಂಬಂಧ ನೋಡುವಾಗ ‘ಹುಡುಗನಿಗೆ ಅಲ್ಲಿಯ ವೀಸಾ ಇದೆ’ ಎಂಬ ಮಾತಿಗೆ ತೃಪ್ತರಾಗದೆ, ಯಾವ ವೀಸಾ ಎಂದು ವಿಚಾರಿಸುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ಸಾಲದ ಮೇಲೆ ಸರಕು ಕೊಡುವಾಗ ಗಿರಾಕಿಯ ಪೂರ್ವಾಪರ ವಿಚಾರಿಸದ ವರ್ತಕರುಂಟೆ?

ಬದಲಾವಣೆ ಎಲ್ಲ ಕಡೆಯೂ ಲಾಭವಲ್ಲ

ಅಮೆರಿಕದಲ್ಲಿ ಈ ಬದಲಾವಣೆಯಿಂದ ಕಾಲದ ದೃಷ್ಟಿಯಲ್ಲಿ ದೊಡ್ಡ ಲಾಭವುಂಟು. ಉದ್ಯೋಗದ ಮೂಲಕ ಕೊಡುವ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಜನಿಸಿದವರಿಗೆ ಶೇಕಡ 7ರ ಮಿತಿ. ಆದ್ದರಿಂದಲೇ ಭಾರತೀಯರ ಸಾಲು ಹತ್ತಾರು ವರ್ಷಗಳಷ್ಟು ಉದ್ದವಾಗಿದೆ. ಅಮೆರಿಕದ ಪ್ರಜೆಯನ್ನು ವಿವಾಹವಾದವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಮಂಜೂರಾಗುವ ದಿನಕ್ಕೆ ವಿವಾಹವಾಗಿ 2 ವರ್ಷ ತುಂಬಿರದಿದ್ದರೆ, ದೊರೆಯುವುದು 2 ವರ್ಷಗಳ ಷರತ್ತುಬದ್ಧ ಕಾರ್ಡ್. ಆ ಅವಧಿ ಮುಗಿಯುವ ಮುನ್ನ ಷರತ್ತು ತೆಗೆಸಿಕೊಳ್ಳುವ ಅರ್ಜಿ ಹಾಕಲೇಬೇಕು. ಸಂಗಾತಿಯು ಪ್ರಜೆಯಾಗಿರದೆ ಕೇವಲ ಗ್ರೀನ್ ಕಾರ್ಡ್ ಹೊಂದಿದ್ದರೆ ಅಲ್ಲಿಯೂ ವಾರ್ಷಿಕ ಮಿತಿ ಇದೆ.

ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿ ಸಂಗಾತಿ ಮಾರ್ಗದಲ್ಲಿ 30 ತಿಂಗಳಿಗೊಮ್ಮೆ ಅನುಮತಿ ಕೊಟ್ಟು, 5 ವರ್ಷ ಪೂರೈಸಿದ ಮೇಲೆ ಕಾಯಂ ವಾಸದ ಹಕ್ಕನ್ನು ಪರಿಗಣಿಸುತ್ತಾರೆ. ಉದ್ಯೋಗ ವೀಸಾದಲ್ಲಿ ಕಳೆದ ವರ್ಷಗಳು ಈ 5 ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ. ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಉದ್ಯೋಗ ಮಾರ್ಗದಲ್ಲಿ ಬಹುಪಾಲು ಅವಧಿ ಸವೆಸಿದವರು ಆತುರದಿಂದ ಬದಲಾಯಿಸಿಕೊಂಡು ಕೈಯಲ್ಲಿದ್ದುದನ್ನು ಕಳೆದುಕೊಳ್ಳುವ ಸಂಭವವಿದೆ. ಹಾಗೆಂದು ಇದೂ ಎಲ್ಲರಿಗೂ ಒಪ್ಪುವ ಮಾತಲ್ಲ. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಅಲ್ಲಿನ ಸರ್ಕಾರವು ಉದ್ಯೋಗ ಮಾರ್ಗದ 5 ವರ್ಷಗಳನ್ನು 10ಕ್ಕೆ ಏರಿಸುವ ಪ್ರಸ್ತಾಪವನ್ನು ಮುಂದಿಟ್ಟು, ಬ್ರಿಟಿಷ್ ಪ್ರಜೆಗಳ ಸಂಗಾತಿಗಳಿಗೆ 5 ವರ್ಷಗಳನ್ನೇ ಉಳಿಸುವುದಾಗಿ ಹೇಳಿತು. ಹೀಗಾಗಿ ಅರ್ಜಿ ಹಾಕುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ನೋಡಿಯೇ ನಿರ್ಧರಿಸಬೇಕು.

ಆಸ್ಟ್ರೇಲಿಯದಲ್ಲಿ ಎರಡು ಹಂತ. ದೇಶದೊಳಗಿದ್ದು ಅರ್ಜಿ ಹಾಕಿದವರಿಗೆ ಮೊದಲು 820ನೆಯ ವರ್ಗದ ತಾತ್ಕಾಲಿಕ ವೀಸಾ; ಅರ್ಜಿಯ ದಿನದಿಂದ 2 ವರ್ಷ ಕಳೆದ ಮೇಲೆ 801ನೆಯ ವರ್ಗದ ಕಾಯಂ ವೀಸಾದ ಪರಿಶೀಲನೆ. ಶುಲ್ಕ ಮಾತ್ರ ಭಾರಿ: 9,000 ಆಸ್ಟ್ರೇಲಿಯನ್ ಡಾಲರುಗಳಿಗೂ ಮೇಲ್ಪಟ್ಟುದು, ಮತ್ತು ಅರ್ಜಿ ತಿರಸ್ಕೃತವಾದರೆ ಹಿಂದಿರುಗುವುದಿಲ್ಲ.

ರಾಜೀನಾಮೆ ಯಾವಾಗ? ಊರಿಗೆ ಯಾವಾಗ?

ಅರ್ಜಿ ಸಲ್ಲಿಸಿದ ಕೂಡಲೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಬ್ರಿಟನ್ನಿನಲ್ಲಿ ಅವಧಿಯೊಳಗೆ ಅರ್ಜಿ ಹಾಕಿದವರ ಹಳೆಯ ವೀಸಾ ತೀರ್ಮಾನದವರೆಗೆ ಮುಂದುವರಿಯುತ್ತದೆ. ಅದರೊಡನೆ ಹಳೆಯ ಷರತ್ತುಗಳೂ ಮುಂದುವರಿಯುತ್ತವೆ. ಆಸ್ಟ್ರೇಲಿಯದಲ್ಲಿ ಅರ್ಜಿಯೊಡನೆ ಬ್ರಿಡ್ಜಿಂಗ್ ವೀಸಾ ದೊರೆತರೂ, 482ನೆಯ ವರ್ಗದ ವೀಸಾ ಜೀವಂತವಾಗಿರುವ ತನಕ ಅದು ಜಾರಿಗೆ ಬರುವುದಿಲ್ಲ. ಅಲ್ಲಿಯವರೆಗೆ ಪ್ರಾಯೋಜಕರ ಬಳಿಯಲ್ಲೇ ದುಡಿಯಬೇಕೆಂಬ ಷರತ್ತು ಬಿಡದು. ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಏಪ್ರಿಲ್ 11ರಿಂದ ದಂಪತಿಗಳ ವಾರ್ಷಿಕ ವರಮಾನ ಕನಿಷ್ಠ 29,000 ಪೌಂಡ್ ಇರಬೇಕು. ಬ್ರಿಟನ್ನಿನಲ್ಲಿ ಅನುಮತಿಯೊಡನೆ ದುಡಿಯುತ್ತಿರುವ ಅರ್ಜಿದಾರನ ಸಂಬಳವನ್ನೂ ಈ ಲೆಕ್ಕಕ್ಕೆ ಹಿಡಿಯುತ್ತಾರೆ. ಸರಳ ವಿಧಾನದಲ್ಲಿ ಅದೇ ಮಾಲೀಕನ ಬಳಿ 6 ತಿಂಗಳು ಪೂರೈಸಿರಬೇಕು. ಕೆಲಸ ಬಿಟ್ಟವನ ಸಂಬಳ ಲೆಕ್ಕದಿಂದ ಜಾರಿಹೋಗುತ್ತದೆ.

ಅರ್ಜಿ ಬಾಕಿಯಿರುವಾಗ ಊರಿಗೆ ಬರುವ ವಿಷಯದಲ್ಲಿ ಮೂರು ದೇಶಗಳ ರೀತಿ ಮೂರು ಬಗೆ. ಬ್ರಿಟನ್ನಿನಿಂದ ಭಾರತಕ್ಕೆ ಬಂದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಭಾವಿಸಲಾಗುತ್ತದೆ. ಆಸ್ಟ್ರೇಲಿಯದಲ್ಲಿ ಹಳೆಯ ವೀಸಾ ಮುಗಿದು ಬ್ರಿಡ್ಜಿಂಗ್ ವೀಸಾ ‘ಎ’ ಮೇಲೆ ಇರುವವರು ‘ಬಿ’ ವರ್ಗದ ವೀಸಾ ಪಡೆಯದೆ ಹೊರಟರೆ ಅದರ ಮೇಲೆ ಮರಳಿ ಪ್ರವೇಶಿಸುವಂತಿಲ್ಲ. ಅಮೆರಿಕದಲ್ಲಿ ಎಚ್-1ಬಿ ಸ್ಥಿತಿಯನ್ನು ಕಾಪಾಡಿಕೊಂಡು ಅದೇ ಕೆಲಸಕ್ಕೆ ಮರಳುವವರಿಗೆ ವಿನಾಯಿತಿ ಉಂಟು; ಉಳಿದವರು ಪ್ರಯಾಣದ ಮುಂಗಡ ಅನುಮತಿ ಪಡೆಯಬೇಕು. ಹಬ್ಬಕ್ಕೆ ಬಾರದಿದ್ದರೆ ಬೇಸರವಷ್ಟೆ. ಮನೆಯಲ್ಲಿ ಹಿರಿಯರ ಆರೋಗ್ಯ ಕೆಟ್ಟಾಗ ಈ ನಿಯಮದ ಬಿಸಿ ತಟ್ಟುತ್ತದೆ. ಅಂತಹ ಸಂದರ್ಭ ಕಣ್ಣೆದುರಿಗಿದ್ದರೆ ಬ್ರಿಟನ್ನಿನ ಅರ್ಜಿಯನ್ನು ಕೆಲವು ವಾರ ಮುಂದೂಡುವುದೇ ಲೇಸು.

ತಂದೆಯ ಹಣ ಎಲ್ಲಿಯವರೆಗೆ ನೆರವಾದೀತು?

ನಾಲ್ಕು ಗೋದಾಮು, ಒಂದು ಅಕ್ಕಿ ಗಿರಣಿ ಇರುವ ತಂದೆ ‘ಮಗನ ಖರ್ಚು ನಾನು ನೋಡಿಕೊಳ್ಳುತ್ತೇನೆ’ ಎಂದು ಬರೆದುಕೊಟ್ಟರೆ ಸಾಲದೆ ಎಂದು ಕೇಳುವವರುಂಟು. ಸಾಮಾನ್ಯವಾಗಿ ಸಾಲದು. ಅಮೆರಿಕದಲ್ಲಿ ಜಂಟಿ ಪೋಷಕ ಜಾಮೀನು ಕೊಡುವವರು ಅಲ್ಲಿಯೇ ನೆಲೆಸಿದ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರಾಗಿರಬೇಕು. ಬ್ರಿಟನ್ನಿನಲ್ಲಿ ಮೂರನೆಯವರ ವಾಗ್ದಾನಕ್ಕೆ ಸಾಧಾರಣವಾಗಿ ಬೆಲೆಯಿಲ್ಲ. ಆದರೆ ತಂದೆ ನೀಡಿದ ದಾನ ದಂಪತಿಗಳ ಸ್ವಂತ ಉಳಿತಾಯವಾಗಿ 6 ತಿಂಗಳು ಖಾತೆಯಲ್ಲಿ ನಿಂತಿದ್ದರೆ ಅದನ್ನು ಪರಿಗಣಿಸುತ್ತಾರೆ. ಸೂತ್ರ ಹೀಗಿದೆ: ವರಮಾನದ ಕೊರತೆಯ ಎರಡೂವರೆ ಪಟ್ಟಿಗೆ 16,000 ಪೌಂಡ್ ಸೇರಿಸಬೇಕು. ಸಂಬಳ 25,000 ಪೌಂಡ್ ಇದ್ದಲ್ಲಿ ಕೊರತೆ 4,000. ಬೇಕಾದ ಉಳಿತಾಯ 26,000. ಸಂಬಳವೇ ಇಲ್ಲದಿದ್ದರೆ 88,500 ಪೌಂಡ್.

ಹಣ ಕಳುಹಿಸುವ ಮಾರ್ಗ ಉದಾರೀಕೃತ ರವಾನೆ ಯೋಜನೆ. ಒಬ್ಬ ನಿವಾಸಿ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರುಗಳ ಮಿತಿ. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗಾಗಲಿ, ಹಿಂದೂ ಅವಿಭಕ್ತ ಕುಟುಂಬಕ್ಕಾಗಲಿ ಇಲ್ಲ. ಸಂಸ್ಥೆಯ ಚಾಲ್ತಿ ಖಾತೆಯಿಂದ ನೇರವಾಗಿ ಕಳುಹಿಸಲಾಗದು. ಪಾಲುದಾರರು ತಮ್ಮ ಬಂಡವಾಳ ಖಾತೆಯಿಂದ ಹಿಂಪಡೆದು, ಸ್ವಂತ ಖಾತೆಯ ಮೂಲಕ ಕಳುಹಿಸಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇಕಡ 20ರಷ್ಟು ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುತ್ತದೆ. ಅದನ್ನು ವಿವರಣ ಪಟ್ಟಿಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ದುಡಿಯುವ ಬಂಡವಾಳ ಸಿಕ್ಕಿಹಾಕಿಕೊಂಡಂತೆಯೇ. ಹೊಗೆಸೊಪ್ಪಿನ ಅಥವಾ ಭತ್ತದ ಖರೀದಿಯ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪುಸ್ತಕದಲ್ಲಿ ಕಾಣದ ಹಣ ಈ ದಾರಿಯಲ್ಲಿ ಸಾಗದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿವಾಹದ ದಾಖಲೆ

ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ನಡೆದ ವಿವಾಹವಾದರೂ ವಿದೇಶಿ ಅಧಿಕಾರಿ ಕೇಳುವುದು ನೋಂದಣಿ ಪ್ರಮಾಣಪತ್ರವನ್ನು. ವಧೂವರರಿಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಒಬ್ಬರು ಅನ್ಯಮತೀಯರಾಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಇದರಲ್ಲಿ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು. ಅನಂತರ ಆಕ್ಷೇಪಣೆಗೆ ಮತ್ತೆ 30 ದಿನ. ಮೂರು ವಾರಗಳ ರಜೆಯಲ್ಲಿ ಬಂದು ಇದನ್ನು ಮುಗಿಸಿ ಹೋಗುವೆನೆಂಬುದು ಆಗದ ಮಾತು.

ವಿದೇಶದಲ್ಲಿ ಮೊದಲು ನೋಂದಣಿ, ವರ್ಷದ ನಂತರ ಊರಿನಲ್ಲಿ ಧಾರೆ: ಹೀಗೆ ಎರಡು ದಿನಾಂಕಗಳಾದಾಗ ಎಲ್ಲ ಅರ್ಜಿಗಳಲ್ಲಿಯೂ ಕಾನೂನಿನ ದೃಷ್ಟಿಯಲ್ಲಿ ಮೊದಲನೆಯದಾದ ದಿನಾಂಕವನ್ನೇ ನಮೂದಿಸಿ, ಎರಡನೆಯದನ್ನು ಸಮಾರಂಭವೆಂದು ವಿವರಿಸಬೇಕು. ಹೆಸರಿನ ತೊಡಕೂ ಕಡಿಮೆಯಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು. ಪಿರಿಯಾಪಟ್ಟಣ, ಹುಣಸೂರು ಎಂಬ ಊರುಗಳ ಇಂಗ್ಲಿಷ್ ಕಾಗುಣಿತ ದಾಖಲೆಗೊಂದು ಬಗೆ. ಸಾಲದೆಂಬಂತೆ 2014ರ ನವೆಂಬರ್ 1ರಿಂದ ಮೈಸೂರಿನ ಅಧಿಕೃತ ಇಂಗ್ಲಿಷ್ ಹೆಸರೂ ಬದಲಾಗಿದೆ. ಒಂದೇ ವ್ಯಕ್ತಿಯೆಂಬ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಡುವುದು ಕ್ಷೇಮ. ಭಾರತವು 2005ರ ಜುಲೈ 14ರಿಂದ ಅಪೊಸ್ಟಿಲ್ ಒಪ್ಪಂದದ ಸದಸ್ಯ ರಾಷ್ಟ್ರವಾದ್ದರಿಂದ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬಿದ್ದ ಪತ್ರಕ್ಕೆ ಈ ಮೂರು ದೇಶಗಳಲ್ಲಿ ಮತ್ತೆ ರಾಯಭಾರ ಕಚೇರಿಯ ದೃಢೀಕರಣ ಬೇಕಿಲ್ಲ.

ಕೇವಲ ಕಾಗದಕ್ಕಾಗಿ ಮಾಡುವ ವಿವಾಹವನ್ನು ಸೂಚಿಸುವ ಮಧ್ಯವರ್ತಿಗಳಿಂದ ದೂರವಿರಬೇಕು. ಅಮೆರಿಕದಲ್ಲಿ ಅಂತಹ ವಿವಾಹ ಸಾಬೀತಾದರೆ ಮುಂದೆ ನಿಜವಾದ ವಿವಾಹವಾದರೂ ಕುಟುಂಬ ವೀಸಾದ ಬಾಗಿಲು ಮುಚ್ಚುತ್ತದೆ. ಇನ್ನು ದಾಂಪತ್ಯದಲ್ಲಿ ಹಿಂಸೆಯಾದರೆ ವೀಸಾದ ಭಯದಿಂದ ಸಹಿಸಿಕೊಂಡಿರಬೇಕೆಂಬುದು ತಪ್ಪು ತಿಳಿವಳಿಕೆ. ಮೂರೂ ದೇಶಗಳಲ್ಲಿ, ಹಿಂಸೆಗೊಳಗಾದ ಸಂಗಾತಿಯು ಸಂಬಂಧ ಮುರಿದರೂ ಸ್ವತಂತ್ರವಾಗಿ ವಾಸದ ಹಕ್ಕು ಕೋರಲು ಕಾನೂನಿನಲ್ಲಿ ಅವಕಾಶವಿದೆ. ಹೆಣ್ಣುಮಕ್ಕಳ ತಂದೆತಾಯಿಯರು ಇದನ್ನು ಹೊರಡುವ ಮೊದಲೇ ಮಗಳಿಗೆ ತಿಳಿಸಿರಬೇಕು.

ಆದಾಯ ತೆರಿಗೆ: ದಿನಗಳ ಎಣಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವರು ನಿವಾಸಿಗಳು. 60 ದಿನವಿದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನವಿದ್ದವರೂ ನಿವಾಸಿಗಳೇ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ ಆ ವರ್ಷದ ಮಟ್ಟಿಗೆ 60ರ ಬದಲು 182 ದಿನಗಳ ಅಳತೆ. 1961ರ ಕಾಯ್ದೆಯ ಈ ಅಳತೆಯನ್ನೇ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿಸಿದ 2025ರ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

ಈ ರಿಯಾಯಿತಿ ಉದ್ಯೋಗಕ್ಕೆ ಹೊರಟವರಿಗೆ, ವಿವಾಹವಾಗಿ ಹೊರಟವರಿಗಲ್ಲ. ಉದಾಹರಣೆಗೆ, ಕೃಷ್ಣರಾಜನಗರದಿಂದ ಸೆಪ್ಟೆಂಬರ್ ಆರಂಭದಲ್ಲಿ ಇಬ್ಬರು ಒಂದೇ ವಿಮಾನದಲ್ಲಿ ಹೊರಟರೆಂದು ಭಾವಿಸೋಣ. ಉದ್ಯೋಗ ವೀಸಾದಲ್ಲಿ ಹೋದವರು ಆ ವರ್ಷ ಅನಿವಾಸಿ. ಕೆಲಸ ಗೊತ್ತಾಗದೆ ಸಂಗಾತಿ ವೀಸಾದಲ್ಲಿ ಹೋದವರು ಆ ವರ್ಷ ನಿವಾಸಿಯೆಂದೇ ಪರಿಗಣಿತರಾಗುವ ಸಂಭವವಿದೆ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಅಲ್ಲಿ ಗಳಿಸಿದ ಸಂಬಳವನ್ನೂ ಇಲ್ಲಿ ತೋರಿಸಬೇಕಾಗುತ್ತದೆ.

ಇನ್ನೂ ಕಠಿಣವಾದ ಸಂದರ್ಭ, ಕೆಲಸ ಕಳೆದುಕೊಂಡು ಊರಿಗೆ ಮರಳಿ, ಇಲ್ಲಿಂದಲೇ ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರದು. 4 ವರ್ಷ ಹೊರಗಿದ್ದವನೊಬ್ಬ ಜೂನ್ ಮೊದಲ ವಾರದಲ್ಲಿ ಹುಣಸೂರಿಗೆ ಬಂದು, ಫೆಬ್ರವರಿ ಎರಡನೆಯ ವಾರದಲ್ಲಿ ಹೊರಟನೆಂದರೆ 240 ದಿನಕ್ಕೂ ಮೀರಿತು. ಆತ ಆ ವರ್ಷ ನಿವಾಸಿ. ಅದಕ್ಕೂ ಹಿಂದೆ ಭಾರತದಲ್ಲಿಯೇ ಇದ್ದವನಾದುದರಿಂದ, ಹಿಂದಿನ 7 ವರ್ಷಗಳಲ್ಲಿ 729 ದಿನಗಳ ಮಿತಿಯನ್ನೂ ದಾಟಿರುತ್ತಾನೆ. ಸಾಮಾನ್ಯ ನಿವಾಸಿಯಲ್ಲದವನೆಂಬ ರಿಯಾಯಿತಿಯೂ ಸಿಗದು. ಏಪ್ರಿಲ್, ಮೇ ತಿಂಗಳ ವಿದೇಶಿ ಸಂಬಳವೂ ಸೇರಿದಂತೆ ಜಾಗತಿಕ ವರಮಾನವೆಲ್ಲವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ದ್ವಿತೆರಿಗೆ ತಪ್ಪಿಸುವ ಒಪ್ಪಂದಗಳಡಿ ವಿನಾಯಿತಿ ಪಡೆಯಬಹುದು. ಮೂರೂ ದೇಶಗಳೊಡನೆ ಅಂತಹ ಒಪ್ಪಂದಗಳಿವೆ. ಹಣಕ್ಕಿಂತ ಹೆಚ್ಚಿನ ಅಪಾಯ ಅಲ್ಲಿಯ ಬ್ಯಾಂಕ್ ಖಾತೆ, ಷೇರುಗಳನ್ನು ವಿವರಣ ಪಟ್ಟಿಯಲ್ಲಿ ತೋರಿಸದಿರುವುದರಲ್ಲಿದೆ. 2015ರ ಕಪ್ಪುಹಣ ಕಾಯ್ದೆಯಡಿ ಇದಕ್ಕೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸ್ಥಿರಾಸ್ತಿಯಲ್ಲದ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ದಂಡವಿಲ್ಲವೆಂದು 2024ರ ಅಕ್ಟೋಬರ್ 1ರಿಂದ ಸಡಿಲಿಸಲಾಗಿದೆಯಾದರೂ ತೋರಿಸುವ ಹೊಣೆ ತಪ್ಪಿಲ್ಲ.

ಖಾತೆ, ಪಾಲುದಾರಿಕೆ, ಜಮೀನು

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ 1999ರ ಫೆಮಾ, ಎಣಿಸುವುದು ದಿನಗಳನ್ನಷ್ಟೇ ಅಲ್ಲ, ಉದ್ದೇಶವನ್ನು. ಉದ್ಯೋಗಕ್ಕಾಗಿ ಹೋದವನೂ, ಅನಿಶ್ಚಿತ ಅವಧಿಗೆ ಹೊರಗಿರುವ ಉದ್ದೇಶದಿಂದ ಹೋದವನೂ ಇದರಡಿ ಅನಿವಾಸಿಗಳು. ಆದ್ದರಿಂದ ಹೊರಗಿದ್ದುಕೊಂಡೇ ಒಂದು ವೀಸಾದಿಂದ ಮತ್ತೊಂದಕ್ಕೆ ಹೋದಾಗ ಫೆಮಾ ಸ್ಥಿತಿ ಬದಲಾಗುವುದಿಲ್ಲ. ಆದರೆ ಮೊದಲ ಬಾರಿ ಹೊರಟಾಗಲೇ ಮಾಡಬೇಕಾಗಿದ್ದ ಕೆಲಸವನ್ನು ಎಷ್ಟೋ ಮನೆಗಳಲ್ಲಿ ಮಾಡಿರುವುದಿಲ್ಲ: ಹಳೆಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಪರಿವರ್ತಿಸಿರುವುದಿಲ್ಲ. ಮಗ ಹೊರಟು ವರ್ಷಗಳಾದರೂ ಹೊಗೆಸೊಪ್ಪಿನ ಬೆಳೆಗಾರನೆಂದು ತಂಬಾಕು ಮಂಡಳಿಯಲ್ಲಿ ಅವನ ಹೆಸರೇ ನೋಂದಣಿಯಾಗಿದ್ದು, ಹರಾಜಿನ ಹಣ ಅವನ ಹಳೆಯ ಖಾತೆಗೇ ಜಮಾ ಆಗುತ್ತಿದ್ದರೆ ಅದನ್ನು ಬೇಗ ಸರಿಪಡಿಸಿಕೊಳ್ಳಬೇಕು. ಬಾಡಿಗೆಗೆ ಕೊಟ್ಟ ಗೋದಾಮು ಅವನ ಹೆಸರಿನಲ್ಲಿದ್ದರೆ, ಬಾಡಿಗೆದಾರನು ಅನಿವಾಸಿಗೆ ಅನ್ವಯಿಸುವ ದರದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ.

ಅಕ್ಕಿ ಗಿರಣಿ, ಕಿರಾಣಿ ಸಗಟು ವ್ಯಾಪಾರದಂತಹ ಪಾಲುದಾರಿಕೆಯಲ್ಲಿ ಅನಿವಾಸಿ ಭಾರತೀಯನು ಹಣವನ್ನು ಹೊರಕ್ಕೆ ಒಯ್ಯದ ಷರತ್ತಿನ ಮೇಲೆ ಪಾಲುದಾರನಾಗಿರಬಹುದು. ಕೃಷಿ, ತೋಟಗಾರಿಕೆ ಅಥವಾ ನಿವೇಶನ ವ್ಯವಹಾರದ ಸಂಸ್ಥೆಯಲ್ಲಿ ಹಣ ಹೂಡುವಂತಿಲ್ಲ.

ಜಮೀನಿನ ವಿಷಯದಲ್ಲಿ 2020ರ ಕರ್ನಾಟಕ ಭೂಸುಧಾರಣಾ ತಿದ್ದುಪಡಿಯಿಂದ ಒಂದು ತಪ್ಪು ಕಲ್ಪನೆ ಹರಡಿದೆ. ಕೃಷಿ ಭೂಮಿ ಕೊಳ್ಳಲು ಇದ್ದ ವರಮಾನದ ಮಿತಿ ಹೋಯಿತು, ಆದ್ದರಿಂದ ಹೊರಗಿರುವ ಮಗನ ಹೆಸರಿನಲ್ಲಿ ಶುಂಠಿ ಬೆಳೆಯಲು ಜಮೀನು ಕೊಳ್ಳಬಹುದು ಎಂಬುದೇ ಆ ಕಲ್ಪನೆ. ರಾಜ್ಯದ ಕಾನೂನು ಬದಲಾದರೂ ಕೇಂದ್ರದ ಫೆಮಾ ನಿಯಮ ಬದಲಾಗಿಲ್ಲ. ಅನಿವಾಸಿ ಭಾರತೀಯರಾಗಲಿ, ಸಾಗರೋತ್ತರ ಭಾರತೀಯ ಪ್ರಜೆ ಎಂಬ ಒ.ಸಿ.ಐ. ಕಾರ್ಡುದಾರರಾಗಲಿ ಕೃಷಿ ಭೂಮಿ, ತೋಟ ಹಾಗೂ ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ತಂದೆ ಬದುಕಿರುವಾಗ ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ವಾರಸುದಾರಿಕೆಯಿಂದ ಅಥವಾ ಉಯಿಲಿನಿಂದ ಬಂದುದನ್ನು ಇಟ್ಟುಕೊಳ್ಳಬಹುದು. ಹೊರಡುವ ಮುನ್ನ, ನಿವಾಸಿಯಾಗಿದ್ದಾಗ ಪಡೆದ ಜಮೀನೂ ಅವರಲ್ಲಿಯೇ ಉಳಿಯುತ್ತದೆ.

ಸಂಗಾತಿ ವೀಸಾ ಮುಂದೆ ಪೌರತ್ವಕ್ಕೆ ದಾರಿಯಾಗುತ್ತದೆ. ಅಮೆರಿಕದ ಪ್ರಜೆಯೊಡನೆ ಬಾಳುತ್ತಿರುವ ಗ್ರೀನ್ ಕಾರ್ಡ್‌ದಾರರು ಸಾಮಾನ್ಯವಾದ 5 ವರ್ಷಗಳ ಬದಲು 3 ವರ್ಷಗಳಲ್ಲಿಯೇ ಅದಕ್ಕೆ ಅರ್ಜಿ ಹಾಕಬಹುದು. ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಆ ದಿನವೇ ಭಾರತೀಯ ಪೌರತ್ವ ಕೊನೆಗೊಂಡು, ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ವಾರಸಾಗಿ ಬಂದ ಜಮೀನನ್ನು ಆಮೇಲೆ ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು. ಇಬ್ಬರು ಅಣ್ಣತಮ್ಮಂದಿರೂ ಹೊರದೇಶದಲ್ಲಿದ್ದಲ್ಲಿ ಒಬ್ಬನು ತನ್ನ ಭಾಗದ ಹೊಲವನ್ನು ಇನ್ನೊಬ್ಬನಿಗೆ ಮಾರಲು ಈ ನಿಯಮ ಬಿಡುವುದಿಲ್ಲ. ಯಾರ ಭಾಗಕ್ಕೆ ಹೊಲ, ಯಾರ ಭಾಗಕ್ಕೆ ಪೇಟೆಯ ಕಟ್ಟಡ ಎಂಬುದನ್ನು ಮಕ್ಕಳಲ್ಲೊಬ್ಬರಾದರೂ ಊರಿನಲ್ಲಿರುವಾಗಲೇ ಉಯಿಲಿನಲ್ಲಿ ಸ್ಪಷ್ಟಪಡಿಸುವುದು ತಂದೆಯ ಕೈಯಲ್ಲಿದೆ.